ದೂರಸಾನ್ನಿಧ್ಯ ಯಂತ್ರಗಳ ಚಲನೆ: ಒಂದು ವಿಮರ್ಶೆ

ತಾನಿರುವ ಊರನ್ನು ಬಿಡದೆ, ದೂರದಲ್ಲಿರುವ ಯಂತ್ರವೊಂದರ ಮೂಲಕ ನೋಡುವುದು, ಮಾತನಾಡುವುದು, ವಸ್ತುಗಳನ್ನು ಹಿಡಿದೆತ್ತುವುದು ಈಗ ಮನುಷ್ಯನಿಗೆ ಸಾಧ್ಯವಾಗಿದೆ. ಇಂಥ ಯಂತ್ರಗಳಿಗೆ ಟೆಲಿಪ್ರೆಸೆನ್ಸ್ ರೋಬೋಟ್‌ಗಳೆಂದು ಹೆಸರು. ನಾವು ಇಲ್ಲಿ ದೂರಸಾನ್ನಿಧ್ಯ ಯಂತ್ರಗಳೆಂದು ಕರೆಯೋಣ. ಇವು ಮನುಷ್ಯನಂತೆಯೇ ಚಲಿಸಬೇಕೆಂಬುದು ಇವುಗಳ ನಿರ್ಮಾಪಕರಲ್ಲಿ ಅನೇಕರ ಹಂಬಲ. ಈ ಹಂಬಲವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಯಂತ್ರಶಾಸ್ತ್ರದ ವಿಷಯದಲ್ಲಿ ಇತಿಹಾಸದ ಅಧ್ಯಾಪಕರಿಗೇನು ಕೆಲಸವೆಂದು ವಾಚಕರು ಕೇಳಬಹುದು. ಎದುರಿಗಿಲ್ಲದ ವ್ಯಕ್ತಿಯ ಇಂಗಿತವನ್ನು ಅವನು ಬಿಟ್ಟ ಗುರುತುಗಳಿಂದ ಗ್ರಹಿಸುವುದೇ ನಮ್ಮ ಶಾಸ್ತ್ರದ ಕಸುಬು. ಇಲ್ಲಿರುವ ಪ್ರಶ್ನೆಯೂ ಅದೇ.

ಅಮೆರಿಕದ ಷಿಕಾಗೋ ಸಮೀಪದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ ಎಂಬುವರು ೧೯೪೦ರ ದಶಕದ ಕೊನೆಯಲ್ಲಿ, ವಿಕಿರಣಶೀಲ ವಸ್ತುಗಳನ್ನು ಗೋಡೆಯ ಈಚೆಯಿಂದಲೇ ನಿರ್ವಹಿಸುವ ಯಾಂತ್ರಿಕ ಬಾಹುಗಳನ್ನು ರೂಪಿಸಿದರು. ಕೆಲಸಗಾರನ ಕೈ ಹೊರಳಿದಂತೆ ಆಚೆಯ ಬಾಹುವೂ ಹೊರಳುತ್ತಿತ್ತು. ೧೯೮೦ರಲ್ಲಿ ಮಾರ್ವಿನ್ ಮಿನ್‌ಸ್ಕಿ ಅವರು ಟೆಲಿಪ್ರೆಸೆನ್ಸ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದಾಗಲೂ ಅವರ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ಕೆಲಸವೇ. ಅಪಾಯದ ಸ್ಥಳಕ್ಕೆ ಹೋಗದೆ ಅಲ್ಲಿನ ಸ್ಪರ್ಶವನ್ನು ಚಾಲಕನು ಅನುಭವಿಸಬೇಕೆಂಬುದೇ ಅವರ ಅಪೇಕ್ಷೆ. ಯಂತ್ರವು ಪ್ರಯೋಗಾಲಯವನ್ನು ಬಿಟ್ಟು ಜನರ ನಡುವೆ ಬಂದಮೇಲೆ ಎದುರು ನಿಂತು ನೋಡುವವನೊಬ್ಬನು ಸೇರಿಕೊಂಡನು. ಸಾದೃಶ್ಯದ ಪ್ರಶ್ನೆ ಪ್ರಬಲವಾದುದು ಇವನಿಂದ.

ಈ ಪ್ರೇಕ್ಷಕನ ಮನಸ್ಸನ್ನು ಕುರಿತು ಜಪಾನಿನ ಮಸಾಹಿರೊ ಮೋರಿ ಅವರು ೧೯೭೦ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಗಿದೆ. ಯಂತ್ರವು ಮನುಷ್ಯನನ್ನು ಹೋಲುತ್ತ ಬಂದಂತೆ ಅದರ ಮೇಲಿನ ಪ್ರೀತಿ ಹೆಚ್ಚುವುದೆಂದೂ, ಹೋಲಿಕೆ ಪೂರ್ಣವಾಗುವುದಕ್ಕೆ ಸ್ವಲ್ಪ ಮೊದಲು ಆ ಪ್ರೀತಿ ಅಳುಕಾಗಿ ಮಾರ್ಪಡುವುದೆಂದೂ, ಚಲನೆ ಸೇರಿದಾಗ ಈ ಏರಿಳಿತಗಳು ಇನ್ನೂ ತೀಕ್ಷ್ಣವಾಗುವುವೆಂದೂ ಅವರು ಪ್ರತಿಪಾದಿಸಿದರು. ಆ ವರ್ಷದ ಒಸಾಕಾ ವಸ್ತುಪ್ರದರ್ಶನದಲ್ಲಿದ್ದ, ಮುಖದಲ್ಲಿ ೨೯ ಜೊತೆ ಕೃತಕ ಸ್ನಾಯುಗಳುಳ್ಳ ಯಂತ್ರವೊಂದನ್ನು ಅವರು ಉದಾಹರಿಸುತ್ತಾರೆ. ಅದರ ನಗುವಿನ ವೇಗವನ್ನು ಅರ್ಧಕ್ಕಿಳಿಸಿದರೆ ನಗು ನಗುವಾಗಿ ಉಳಿಯದೆ ಭೀತಿ ಹುಟ್ಟಿಸುತ್ತಿತ್ತಂತೆ. ಪೂರ್ಣ ಸಾದೃಶ್ಯವನ್ನು ಗುರಿಯಾಗಿಟ್ಟುಕೊಳ್ಳಬಾರದೆಂದೇ ಮೋರಿಯವರು ವಿನ್ಯಾಸಕಾರರಿಗೆ ಹೇಳಿದ ಹಿತವಚನ. ಅವರನ್ನು ಹೆಸರಿಸುವವರಲ್ಲಿ ಹಲವರು ಈ ಮಾತನ್ನು ಮರೆಯುತ್ತಾರೆ.

ಅದೇ ಪ್ರಬಂಧದಲ್ಲಿ ಮೋರಿಯವರು ಬುನ್‌ರಾಕು ಗೊಂಬೆಯಾಟವನ್ನು ಸ್ಮರಿಸುತ್ತಾರೆ. ಆ ಗೊಂಬೆಯನ್ನು ಹತ್ತಿರದಿಂದ ಕಂಡರೆ ಮನುಷ್ಯನ ಹೋಲಿಕೆ ಅಷ್ಟಾಗಿಲ್ಲ. ಆದರೂ ರಂಗದ ಮೇಲೆ ಅದು ಹೃದಯವನ್ನು ಕಲಕುತ್ತದೆ. ಇದಕ್ಕೆ ಕಾರಣವನ್ನು ಆ ಕಲೆಯ ರಚನೆಯಲ್ಲಿಯೇ ಹುಡುಕಬೇಕೆಂದು ನಮ್ಮ ಅಭಿಪ್ರಾಯ. ೧೭೩೪ರಲ್ಲಿ ಒಸಾಕಾದಲ್ಲಿ ಆರಂಭವಾದ ಪದ್ಧತಿಯಂತೆ ಒಂದು ಗೊಂಬೆಗೆ ಮೂವರು ಆಟಗಾರರು: ತಲೆಗೂ ಬಲಗೈಗೂ ಒಬ್ಬ, ಎಡಗೈಗೆ ಒಬ್ಬ, ಕಾಲಿಗೆ ಒಬ್ಬ. ಮೂವರೂ ಪ್ರೇಕ್ಷಕರ ಕಣ್ಣೆದುರಿಗೇ ಇರುತ್ತಾರೆ. ಗೊಂಬೆಯ ಪ್ರತಿಯೊಂದು ಚಲನೆಗೂ ಒಬ್ಬ ಮನುಷ್ಯನು ಹೊಣೆಗಾರನಾಗಿದ್ದಾನೆಂಬುದು ಅಲ್ಲಿ ಗುಟ್ಟಲ್ಲ.

ಇದಕ್ಕೆ ವಿರುದ್ಧವಾದುದು ಹಿರೋಷಿ ಇಷಿಗುರೊ ಅವರು ೨೦೦೬ರಲ್ಲಿ ತಮ್ಮದೇ ಪ್ರತಿರೂಪವಾಗಿ ನಿರ್ಮಿಸಿದ ಜೆಮಿನಾಯ್ಡ್ ಯಂತ್ರ. ಇದರಲ್ಲಿ ಎರಡು ಬಗೆಯ ಚಲನೆಗಳಿವೆ. ತುಟಿಯ ಚಲನೆ ಮೊದಲಾದುವು ದೂರದ ಚಾಲಕನಿಂದ ಬರುತ್ತವೆ. ಉಸಿರಾಟ, ರೆಪ್ಪೆ ಬಡಿಯುವುದು ಮುಂತಾದುವನ್ನು ಯಂತ್ರವು ತಾನಾಗಿಯೇ ಕೂಡಿಸುತ್ತದೆ. ಪ್ರೇಕ್ಷಕನಿಗೆ ಎರಡೂ ಒಂದೇ ದೇಹದಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಮೂಲಪಾಠ, ಎರಡನೆಯದು ಪ್ರಕ್ಷೇಪ. ರೆಪ್ಪೆ ಬಡಿಯುವಷ್ಟರಿಂದ ಯಾರಿಗೂ ಹಾನಿಯಿಲ್ಲ, ನಿಜ. ಆದರೆ ಇದೇ ನ್ಯಾಯವನ್ನು ತಲೆದೂಗುವುದಕ್ಕೂ ಅನ್ವಯಿಸಿದರೆ ಏನಾದೀತು? ರೋಗಿಯೊಬ್ಬನು ದೂರದ ವೈದ್ಯರಿಗೆ ತನ್ನ ನೋವನ್ನು ಹೇಳಿಕೊಳ್ಳುತ್ತಿರುವಾಗ, ವೈದ್ಯರ ಗಮನ ಬೇರೆಡೆ ಇದ್ದರೂ ಯಂತ್ರವು ಸಹಜವಾಗಿ ತಲೆದೂಗಿತೆನ್ನೋಣ. ಕೇಳದೆ ಇದ್ದವರು ಕೇಳಿದರೆಂಬ ಸುಳ್ಳು ಸಾಕ್ಷ್ಯ ಅಲ್ಲಿ ಹುಟ್ಟುತ್ತದೆ. ಚಲನೆ ಸಹಜವಾಗಿದ್ದಷ್ಟೂ ಆ ಸಾಕ್ಷ್ಯವನ್ನು ಶಂಕಿಸುವುದು ಕಠಿನ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದುದನ್ನೂ, ರೈಸ್ ಅವರು ಅವುಗಳ ಪರವಾಗಿ ವಾದಿಸಿದುದನ್ನೂ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಕಷ್ಟ ಹೊಸದಲ್ಲ.

ಹಾಗಾದರೆ ಚಾಲಕನ ದೇಹವು ಮಾಡಿದುದನ್ನಷ್ಟೇ ಯಂತ್ರವು ಮಾಡಬೇಕೆ? ಅಷ್ಟು ಕಟ್ಟುನಿಟ್ಟು ಅನ್ಯಾಯವಾದೀತು. ೨೦೨೧ರಲ್ಲಿ ಟೋಕಿಯೋದ ನಿಹೊನ್‌ಬಾಷಿಯಲ್ಲಿ ತೆರೆದ ಡಾನ್ ಎಂಬ ಉಪಾಹಾರಗೃಹದಲ್ಲಿ, ಮನೆಬಿಟ್ಟು ಹೊರಬರಲಾರದ ಅಂಗವಿಕಲರೂ ತೀವ್ರ ರೋಗಪೀಡಿತರೂ ಒರಿಹಿಮೆ ಎಂಬ ಯಂತ್ರಗಳ ಮೂಲಕ ಗಿರಾಕಿಗಳನ್ನು ಉಪಚರಿಸುತ್ತಾರೆ. ಕೆಲವರು ಕಣ್ಣಿನ ನೋಟದಿಂದಲೇ ಯಂತ್ರವನ್ನು ನಡೆಸುತ್ತಾರೆ. ಕೈಯೆತ್ತುವುದು, ತಲೆಯಾಡಿಸುವುದು ಮೊದಲಾದ ಸಿದ್ಧ ಅಭಿನಯಗಳು ಯಂತ್ರದಲ್ಲಿವೆ. ಚಾಲಕರು ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಎತ್ತಿದ ಕೈ ಅವರ ಕೈಯಲ್ಲ, ಎತ್ತಿದ ವೇಗವೂ ಅವರದಲ್ಲ. ಆದರೆ ಎತ್ತಬೇಕೆಂಬ ಸಂಕಲ್ಪ ಅವರದೇ. ಶಾಸನದಲ್ಲಿ ಆಜ್ಞೆ ಅರಸನದು, ಪದರಚನೆ ಕವಿಯದು, ಕಂಡರಣೆ ರೂವಾರಿಯದು. ಇದರಿಂದ ಆ ಶಾಸನವು ಅರಸನದಲ್ಲವೆಂದು ಯಾರೂ ಹೇಳುವುದಿಲ್ಲ. ಒರಿಹಿಮೆಯ ಮುಖವು ನೋ ನಾಟಕದ ಮುಖವಾಡದಂತೆ ಭಾವರಹಿತವಾಗಿದ್ದರೂ ಅದರ ನಮಸ್ಕಾರವು ಪ್ರಾಮಾಣಿಕವಾಗಿರುವುದು ಈ ಕಾರಣದಿಂದ.

೨೦೨೨ರ ನವೆಂಬರಿನಲ್ಲಿ ಅಮೆರಿಕದ ಲಾಂಗ್ ಬೀಚಿನಲ್ಲಿ ನಡೆದ ಅವತಾರ್ ಎಕ್ಸ್‌ಪ್ರೈಜ್ ಸ್ಪರ್ಧೆಯಲ್ಲಿ ೫೦ ಲಕ್ಷ ಡಾಲರುಗಳ ಪ್ರಥಮ ಬಹುಮಾನವನ್ನು ಪಡೆದ ಬಾನ್ ವಿಶ್ವವಿದ್ಯಾನಿಲಯದ ಯಂತ್ರದಲ್ಲಿ ಎರಡು ಮಾರ್ಗಗಳೂ ಕಲೆತಿವೆ. ಚಾಲಕನ ತಲೆ ತಿರುಗಿದಂತೆ ಯಂತ್ರದ ತಲೆಯೂ ತಿರುಗುತ್ತದೆ. ಚಾಲಕನ ಮುಖವನ್ನು ಕನ್ನಡಕದಂಥ ಉಪಕರಣವು ಮುಚ್ಚಿರುವುದರಿಂದ, ತೆರೆಯ ಮೇಲಿನ ಮುಖವು ಅವನ ಕಣ್ಣು ಬಾಯಿಗಳ ಚಲನೆಯನ್ನು ಅನುಸರಿಸಿ ಗಣಕವು ಕಟ್ಟಿದ ಚಿತ್ರ. ಇಲ್ಲಿ ಪ್ರಕ್ಷೇಪವಿದ್ದರೂ ಅದು ಚಾಲಕನ ಚಲನೆಗೆ ಅಧೀನವಾಗಿದೆ. ಆದ್ದರಿಂದ ಇದನ್ನು ಲುಪ್ತವಾದ ಅಕ್ಷರಗಳನ್ನು ಸಂಪಾದಕನು ಊಹಿಸಿ ತುಂಬುವುದಕ್ಕೆ ಹೋಲಿಸಬಹುದು. ಆದರೆ ಒಳ್ಳೆಯ ಸಂಪಾದಕನು ತಾನು ತುಂಬಿದುದನ್ನು ಕಂಸದಲ್ಲಿಡುತ್ತಾನೆ. ಯಂತ್ರದ ವಿನ್ಯಾಸಕಾರರು ಅನುಸರಿಸಬೇಕಾದ ನಿಯಮವೂ ಇದೇ ಎಂದು ನಾವು ಭಾವಿಸುತ್ತೇವೆ. ಸಂದೇಶವು ತಡವಾದಾಗ ಯಂತ್ರವು ಕೈ ನಡುಗದಂತೆ ನೋಡಿಕೊಳ್ಳಲಿ, ಹೆಜ್ಜೆಯನ್ನು ನಯಗೊಳಿಸಲಿ. ಒಪ್ಪಿಗೆ, ಗಮನ, ಅನುಕಂಪ ಇವುಗಳನ್ನು ಸೂಚಿಸುವ ಚಲನೆಗಳನ್ನು ಮಾತ್ರ ಚಾಲಕನ ಆಜ್ಞೆಯಿಲ್ಲದೆ ಮಾಡದಿರಲಿ. ಚಾಲಕನು ಸುಮ್ಮನಿರುವಾಗ ಅದೂ ಸುಮ್ಮನಿರಲಿ. ಆ ನಿಶ್ಚಲತೆ ಅಸಹಜವಾಗಿ ತೋರಬಹುದು. ಆದರೆ ಎದುರಿಗಿರುವವನಿಗೆ ನಿಜವನ್ನು ತಿಳಿಸುವುದು ಅದೇ.