ಸೂತ್ರ, ವ್ಯಾಖ್ಯಾನ ಮತ್ತು ಕಾಣದವರು ಓದುವ ಪುಟ

ಶಿರಾಲಿ ಇರುವ ಭಟ್ಕಳ ತಾಲ್ಲೂಕಿನದೇ ಆದ ಹಾಡುವಳ್ಳಿಗೆ ಸಂಗೀತಪುರವೆಂಬುದು ಹಳೆಯ ಹೆಸರು. ಅಲ್ಲಿಯ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವರು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿದರು. ಕನ್ನಡದ ಲಕ್ಷಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಹೇಳಿ, ಅವಕ್ಕೆ ವೃತ್ತಿ, ವ್ಯಾಖ್ಯಾನಗಳನ್ನೂ ತಾವೇ ಬರೆದರು. ಸೂತ್ರವು ವಿಧಿಸುತ್ತದೆ, ವ್ಯಾಖ್ಯಾನವು ಅದರ ಆಶಯವನ್ನು ತಿಳಿಸುತ್ತದೆ. ಅಂಗವಿಕಲರಿಗೂ ವೆಬ್ ಪುಟಗಳು ಎಟುಕುವಂತಿವೆಯೇ ಎಂದು ಪರೀಕ್ಷಿಸುವವರು ಇಂದು ಮರೆಯುತ್ತಿರುವುದು ಈ ಭೇದವನ್ನೇ.

ಡಬ್ಲ್ಯು ತ್ರೀ ಸಿ ಸಂಸ್ಥೆಯು 2008ರಲ್ಲಿ ಪ್ರಕಟಿಸಿ, 2018 ಮತ್ತು 2023ರಲ್ಲಿ ವಿಸ್ತರಿಸಿದ ಮಾರ್ಗಸೂಚಿಯ 1.3.1ನೆಯ ನಿಯಮದ ತಾತ್ಪರ್ಯವಿಷ್ಟು: ಪುಟದ ರೂಪವು ಕಣ್ಣಿಗೆ ತಿಳಿಸುವ ರಚನೆ ಮತ್ತು ಸಂಬಂಧಗಳನ್ನು ಗಣಕಯಂತ್ರವೂ ಗುರುತಿಸುವಂತಿರಬೇಕು, ಇಲ್ಲವೇ ಅವು ಬರಹದಲ್ಲಿಯೇ ದೊರೆಯಬೇಕು. ಬಸದಿಯೊಂದರ ಪುಟದಲ್ಲಿ ‘ದಶಲಕ್ಷಣ ಪರ್ವ’ ಎಂಬುದನ್ನು ದಪ್ಪಕ್ಷರದಲ್ಲಿ ಮಾತ್ರ ಅಚ್ಚಿಸಿದ್ದರೆ ನೋಡುವವರಿಗೆ ಅದು ಶೀರ್ಷಿಕೆ. ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಶೀರ್ಷಿಕೆಯಿಂದ ಶೀರ್ಷಿಕೆಗೆ ಸಾಗುವ ಅಂಧ ಶ್ರಾವಕರಿಗೆ ಅದು ಇಲ್ಲವೇ ಇಲ್ಲ. ಪೂಜೆಯ ವೇಳಾಪಟ್ಟಿಯಲ್ಲಿ ಯಾವ ಹೊತ್ತು ಯಾವ ದಿನದ್ದೆಂಬ ಸಂಬಂಧವನ್ನು ಗುರುತಿಸದಿದ್ದರೂ ಹಾಗೆಯೇ. ಇವು ನಿಜವಾದ ದೋಷಗಳು.

ಆದರೆ ಎರಡನೆಯ ಹಂತದ ಶೀರ್ಷಿಕೆಯ ಬಳಿಕ ನಾಲ್ಕನೆಯದು ಬಂದಿತೆಂಬ ಒಂದೇ ಕಾರಣಕ್ಕೆ ಪುಟವನ್ನು ಅನುತ್ತೀರ್ಣಗೊಳಿಸುವುದು ಯುಕ್ತವಲ್ಲ. ಹಂತಗಳು ಕ್ರಮವಾಗಿರುವುದು ಒಳ್ಳೆಯ ಸಲಹೆ, ಆದರೆ ಆ ನಿಯಮದ ಆಜ್ಞೆಯಲ್ಲ. ಸಲಹೆಯನ್ನು ಸೂತ್ರವಾಗಿಸಿದರೆ ಟ್ರಸ್ಟಿನವರ ಹಣವೂ ಶ್ರಮವೂ ಅಂಕೆಗಳನ್ನು ತಿದ್ದುವುದರಲ್ಲೇ ಕಳೆದು, ವೇಳಾಪಟ್ಟಿ ಮೂಕವಾಗಿಯೇ ಉಳಿದೀತು. ಇದಕ್ಕೆ ವಿಪರೀತವಾದ ತಪ್ಪೂ ಉಂಟು. ಅಕ್ಷರ ದೊಡ್ಡದಾಗಲೆಂದು ಸಾಮಾನ್ಯ ವಾಕ್ಯಕ್ಕೆ ಶೀರ್ಷಿಕೆಯ ಗುರುತು ಹಾಕಿದ್ದರೂ ಪರೀಕ್ಷಕ ಯಂತ್ರವು ‘ದೋಷವಿಲ್ಲ’ ಎಂದೀತು. ಗುರುತು ಇದೆಯೇ ಎಂಬುದನ್ನು ಯಂತ್ರವು ಬಲ್ಲದು. ಅದು ಸತ್ಯವೇ ಎಂಬುದನ್ನು ಮನುಷ್ಯನೇ ವಿವೇಚಿಸಬೇಕು.

ಡಿಜಿಟಲ್ ಸೇವೆಗಳ ಲಭ್ಯತೆಯು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ. ಜೈನರಿಗೆ ಇದು ಹೊಸ ನೀತಿಯಲ್ಲ. ಜ್ಞಾನಕ್ಕೆ ಅಂತರಾಯ ಒಡ್ಡುವುದನ್ನು ‘ತತ್ತ್ವಾರ್ಥಸೂತ್ರ’ವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳಲ್ಲಿ ಎಣಿಸಿದೆ. ಆದುದರಿಂದ ಬಸದಿಯ ಪುಟವನ್ನು ಮಾಡಿಸಿದವರು ಪರೀಕ್ಷಕರ ಪ್ರಮಾಣಪತ್ರವೊಂದನ್ನೇ ನೆಚ್ಚಬಾರದು. ಕಣ್ಣು ಕಾಣದ ಸಾಧರ್ಮಿಕರೊಬ್ಬರನ್ನು ಕರೆದು, ನಾಳಿನ ಅಭಿಷೇಕದ ಹೊತ್ತನ್ನು ಆ ಪುಟದಲ್ಲಿ ಹುಡುಕಲು ಬಿನ್ನವಿಸಬೇಕು. ಅವರಿಗೆ ಅದು ದೊರೆತರೆ ನಿಯಮದ ಆಶಯವು ನೆರವೇರಿತೆಂದು ತಿಳಿಯಬಹುದು.