ನಗೆಯಲ್ಲಿ ಯಾರ ಪಾಲೆಷ್ಟು? : ಒಂದು ಸ್ಪ್ಯಾನಿಷ್ ಚಿತ್ರದ ವಿಮರ್ಶೆ

೧೯೬೨ರಲ್ಲಿ ಹೋಸೆ ಮರಿಯಾ ಫೋರ್ಕೆ ನಿರ್ದೇಶಿಸಿದ ‘ಅತ್ರಾಕೋ ಅ ಲಾಸ್ ತ್ರೆಸ್’, ಎಂದರೆ ‘ಮೂರು ಗಂಟೆಗೆ ದರೋಡೆ’, ಸ್ಪೇನಿನ ಹಾಸ್ಯಚಿತ್ರಗಳಲ್ಲಿ ಪ್ರಸಿದ್ಧವಾದುದು. ತಮ್ಮ ಸಜ್ಜನ ಮ್ಯಾನೇಜರನ್ನು ಪದಚ್ಯುತಗೊಳಿಸಿದ್ದರಿಂದ ನೊಂದ ಮ್ಯಾಡ್ರಿಡ್ಡಿನ ಶಾಖೆಯೊಂದರ ನೌಕರರು, ಗಾಲಿಂದೋ ಎಂಬವನ ಮುಂದಾಳುತನದಲ್ಲಿ ತಮ್ಮ ಬ್ಯಾಂಕನ್ನೇ ದೋಚಲು ಸಂಚು ಹೂಡುವುದು ಇದರ ವಸ್ತು. ವೃತ್ತಿಯಿಂದ ಬ್ಯಾಂಕಿನವನಾದ ನನಗೆ ಈ ನಗೆಯ ಹಿಂದಿರುವ ನಿಟ್ಟುಸಿರು ಅಪರಿಚಿತವಲ್ಲ. ಪರರ ಹಣವನ್ನು ದಿನವಿಡೀ ಎಣಿಸಿ ಬರಿಗೈಯಲ್ಲಿ ಮನೆಗೆ ಮರಳುವವನ ಬಾಳು ಇಲ್ಲಿ ಯಥಾರ್ಥವಾಗಿ ಮೂಡಿದೆ.

ಆದರೆ ಈ ಯಾಥಾರ್ಥ್ಯ ಎಲ್ಲರಿಗೂ ಸಮನಾಗಿ ಸಂದಿದೆಯೆ? ಸಂಚಿನಲ್ಲಿ ಸೇರಿದ ಸಹೋದ್ಯೋಗಿಗಳಲ್ಲಿ ಹೆಂಗಸು ಎನ್ರಿಕೆತಾ ಒಬ್ಬಳೇ. ಗ್ರಾಸಿತಾ ಮೊರಾಲೆಸ್ ತಮ್ಮ ಕೀರಲು ಕಂಠದಿಂದಲೇ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ಕಾತಿಯಾ ಲೋರಿಟ್ಸ್ ಅಭಿನಯಿಸಿದ ಇನ್ನೊಬ್ಬಳು ಗಾಲಿಂದೋ ಮರುಳಾಗುವ ಚೆಲುವೆ. ಒಬ್ಬಳು ನಗಿಸಬೇಕು, ಇನ್ನೊಬ್ಬಳು ಮೋಹಿಸಬೇಕು. ವಿವಾಹಿತೆಯ ವ್ಯವಹಾರಗಳಿಗೆ ಪತಿಯ ಅನುಮತಿ ಬೇಕೆಂಬ ವಿಧಿ ಸ್ಪೇನಿನಲ್ಲಿ ರದ್ದಾದುದು ೧೯೭೫ರಲ್ಲಿ. ಅದನ್ನು ನೆನೆದರೆ, ಸ್ವಂತ ಹಣವನ್ನು ಬಯಸಲು ಎನ್ರಿಕೆತಾಳಿಗೆ ಗಂಡಸರಿಗಿಂತ ಹೆಚ್ಚಿನ ಕಾರಣವಿದ್ದಿತು. ಚಿತ್ರ ಆ ಕಾರಣವನ್ನು ಅರಸುವುದಿಲ್ಲ.

ಫ್ರಾಂಕೋ ಆಳ್ವಿಕೆಯ ಸೆನ್ಸಾರಿನ ಕಾಲದಲ್ಲಿ ತೆರೆಯ ಮೇಲೆ ಅಪರಾಧ ಫಲಿಸುವುದು ಸುಲಭವಿರಲಿಲ್ಲ. ನಿಜವಾದ ದರೋಡೆಕೋರರು ನುಗ್ಗಿದಾಗ ನಮ್ಮ ಸಂಚುಗಾರರೇ ಬ್ಯಾಂಕಿನ ರಕ್ಷಕರಾಗುತ್ತಾರೆ. ಅವರಿಗೆ ದೊರೆಯುವುದು ಮೆಚ್ಚುಗೆ; ಹಣದಲ್ಲಿ ಪಾಲಲ್ಲ. ಬ್ಯಾಂಕು ತನ್ನ ನೌಕರರಿಗೆ ಮಾಡಿದ ಈ ಅನ್ಯಾಯವನ್ನು ಚಿತ್ರ ಚೆನ್ನಾಗಿ ಬಲ್ಲದು. ತಾನು ಎನ್ರಿಕೆತಾಳಿಗೆ ಮಾಡಿದುದೂ ಅದೇ ಎಂಬುದನ್ನು ಮಾತ್ರ ಅರಿಯದು. ಆಕೆಯ ಪಾತ್ರಕ್ಕೂ ಸಂದುದು ಚಪ್ಪಾಳೆಯಷ್ಟೇ.