ಕಟಕಟೆಯ ಹುಡುಗ, ಡೈರಿಯ ಹುಡುಗಿ

1999ರ ಜನವರಿ 13ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೇ ಮಿನ್ ಲೀ ಎಂಬ ಕೊರಿಯನ್ ಮೂಲದ ಶಾಲಾ ವಿದ್ಯಾರ್ಥಿನಿ ಕಾಣೆಯಾದಳು. ಸುಮಾರು ನಾಲ್ಕು ವಾರಗಳ ಬಳಿಕ ಅವಳ ಶವ ಸಿಕ್ಕಿತು. ಅವಳ ಮಾಜಿ ಗೆಳೆಯ, ಪಾಕಿಸ್ತಾನಿ ಮೂಲದ ಮನೆತನದ 17ರ ಹರೆಯದ ಅದ್ನಾನ್ ಸಯ್ಯದ್‌ಗೆ 2000ದಲ್ಲಿ ಜೀವಾವಧಿಯ ಜೊತೆಗೆ 30 ವರ್ಷಗಳ ಶಿಕ್ಷೆಯಾಯಿತು. 2014ರ 'ಸೀರಿಯಲ್' ಪಾಡ್‌ಕಾಸ್ಟ್ ಈ ಮೊಕದ್ದಮೆಯನ್ನು ಮನೆಮಾತಾಗಿಸಿತು. 2019ರಲ್ಲಿ ಏಮಿ ಬರ್ಗ್ ನಿರ್ದೇಶನದಲ್ಲಿ ಎಚ್‌ಬಿಒ ನಾಲ್ಕು ಕಂತುಗಳ 'ದಿ ಕೇಸ್ ಅಗೇನ್‌ಸ್ಟ್ ಅದ್ನಾನ್ ಸಯ್ಯದ್' ಎಂಬ ಸಾಕ್ಷ್ಯಚಿತ್ರವನ್ನು ತೋರಿಸಿತು.

ಮುಸ್ಲಿಮರಾದ ನಾವು ಇಂಥ ಚಿತ್ರವನ್ನು ಖಾಲಿ ಮನಸ್ಸಿನಿಂದ ನೋಡುವುದು ಕಷ್ಟ. ಜಾಮೀನು ಕೊಟ್ಟರೆ ಹುಡುಗ ಪಾಕಿಸ್ತಾನಕ್ಕೆ ಓಡಿಹೋಗುತ್ತಾನೆ, ಪ್ರೇಮದಲ್ಲಿ ತಿರಸ್ಕೃತರಾದ ಪಾಕಿಸ್ತಾನಿ ಯುವಕರು ಕೊಂದು ಓಡಿಹೋಗುವ ರೂಢಿಯೇ ಇದೆ ಎಂದು ಸರಕಾರಿ ವಕೀಲರು ನ್ಯಾಯಾಲಯದಲ್ಲಿ ವಾದಿಸಿದ್ದರು. ಆಮೇಲೆ ಅದಕ್ಕಾಗಿ ಪತ್ರ ಬರೆದು ಕ್ಷಮೆ ಕೇಳಿದರೆನ್ನಿ. ಇದನ್ನು ಕೇಳಿದೊಡನೆ ನಮ್ಮ ಮನಸ್ಸು ಆರೋಪಿಯ ಕಡೆಗೆ ವಾಲುತ್ತದೆ. ಆದರೆ ವಿಚಾರಣೆಯಲ್ಲಿ ಪೂರ್ವಗ್ರಹ ಇತ್ತೆಂಬುದು ಬೇರೆ, ಆತ ನಿರಪರಾಧಿಯೆಂಬುದು ಬೇರೆ. ಈ ಎರಡರ ನಡುವಿನ ಅಂತರವನ್ನು ಚಿತ್ರ ಎಷ್ಟು ಪ್ರಾಮಾಣಿಕವಾಗಿ ಕಾಯ್ದುಕೊಂಡಿದೆ ಎಂಬುದೇ ನಮ್ಮ ಪ್ರಶ್ನೆ.

ಕೆಲವು ಕಡೆ ಚೆನ್ನಾಗಿಯೇ ಕಾಯ್ದುಕೊಂಡಿದೆ. ಆ ಸಂಜೆ ಅದ್ನಾನ್ ತನ್ನ ಮನೆಗೆ ಬಂದಿದ್ದನೆಂದು ಗವಾಹಿ ನುಡಿದಿದ್ದ ಮಹಿಳೆಯ ಮುಂದೆ ಆಕೆಯದೇ ಕಾಲೇಜು ತರಗತಿಯ ದಾಖಲೆಯನ್ನು ಇಡುತ್ತಾರೆ. ಆ ಹೊತ್ತಿಗೆ ಅವಳು ತರಗತಿಯಲ್ಲಿ ಇರಬೇಕಿತ್ತು! ಇಪ್ಪತ್ತು ವರ್ಷ ನಂಬಿಕೊಂಡಿದ್ದ ನೆನಪು ಆಕೆಯ ಮುಖದಲ್ಲೇ ಅಲುಗಾಡುವುದನ್ನು ನೋಡುತ್ತೇವೆ. ಹಾಗೆಯೇ, ಒಳಬರುವ ಕರೆಗಳಿಂದ ಫೋನು ಇದ್ದ ಸ್ಥಳವನ್ನು ನಂಬಿಕೆಯಿಂದ ಹೇಳಲಾಗದೆಂದು ದೂರವಾಣಿ ಕಂಪೆನಿಯೇ ಫ್ಯಾಕ್ಸ್‌ನಲ್ಲಿ ಎಚ್ಚರಿಸಿತ್ತು. ಆರೋಪಿಯ ವಕೀಲರು ಅದರ ಬಗ್ಗೆ ಪಾಟೀಸವಾಲು ಮಾಡಲಿಲ್ಲವೆಂಬ ಕಾರಣಕ್ಕೆ 2016ರಲ್ಲಿ ನ್ಯಾಯಾಧೀಶರೊಬ್ಬರು ಮರುವಿಚಾರಣೆಗೆ ಆದೇಶಿಸಿದರು; 2019ರಲ್ಲಿ ಮೇರಿಲ್ಯಾಂಡ್‌ನ ಅತ್ಯುನ್ನತ ನ್ಯಾಯಾಲಯ 4-3ರಿಂದ ಅದನ್ನು ತಳ್ಳಿಹಾಕಿತು.

ಎರೋಲ್ ಮೋರಿಸ್‌ರ 1988ರ 'ದಿ ಥಿನ್ ಬ್ಲೂ ಲೈನ್' ಇದೇ ದಾರಿ ಹಿಡಿದಿತ್ತು. ಸಾಕ್ಷಿಗಳನ್ನೇ ಕ್ಯಾಮೆರಾದ ಮುಂದೆ ಕೂರಿಸಿ ಮಾತನಾಡಲು ಬಿಟ್ಟಿತು. ಪೊಲೀಸನ ಕೊಲೆಗೆ ಮರಣದಂಡನೆಯನ್ನೂ ಕಂಡಿದ್ದ ರ‍್ಯಾಂಡಲ್ ಆಡಮ್ಸ್ 1989ರಲ್ಲಿ ಹೊರಬಂದ.

ಬರ್ಗ್‌ರ ಚಿತ್ರ ಸೋಲುವುದು ಬೇರೆಯವರತ್ತ ಬೆರಳು ತೋರಿಸುವಾಗ. ಕಥೆ ಕಟ್ಟುವ ನಮಗೆ ಈ ಚಟ ಗೊತ್ತು: ಒಬ್ಬನನ್ನು ಬಿಡಿಸಲು ಇನ್ನೊಬ್ಬನನ್ನು ತಂದು ನಿಲ್ಲಿಸುವುದು. ಕಥೆಯಲ್ಲಿ ಅದು ಚಂದ. ಬದುಕಿರುವ, ಯಾವ ಆರೋಪವೂ ಇಲ್ಲದ ಮನುಷ್ಯನ ಮೇಲೆ ಅನುಮಾನದ ನೆರಳು ಬಿಟ್ಟು ಕಂತು ಮುಗಿಸುವುದು ಅಲ್ಲ. ಪೊಲೀಸರು ಅದ್ನಾನ್‌ಗೆ ಮಾಡಿದರೆಂದು ಚಿತ್ರ ದೂರುವುದೂ ಇದನ್ನೇ ತಾನೆ? ಅವನ ಪರ ಬಹುಕಾಲದಿಂದ ಹೋರಾಡಿದ ವಕೀಲೆ ರಾಬಿಯಾ ಚೌಧರಿ ಚಿತ್ರದ ಕಾರ್ಯನಿರ್ವಾಹಕ ನಿರ್ಮಾಪಕರಲ್ಲಿ ಒಬ್ಬರು. ಹೋರಾಟ ತಪ್ಪಲ್ಲ, ಆದರೆ ಪಕ್ಷದವರೇ ತಕ್ಕಡಿ ಹಿಡಿದಿದ್ದಾರೆಂಬುದನ್ನು ನೋಡುಗ ಮರೆಯಬಾರದು.

2022ರ ಸೆಪ್ಟೆಂಬರ್‌ನಲ್ಲಿ ಸರಕಾರಿ ವಕೀಲರೇ ಕೇಳಿಕೊಂಡು ತೀರ್ಪು ರದ್ದಾಯಿತು, 23 ವರ್ಷಗಳ ನಂತರ ಅದ್ನಾನ್ ಬಿಡುಗಡೆಯಾದ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಮತ್ತೆ ಊರ್ಜಿತಗೊಳಿಸಿತು. ಹೇ ಮಿನ್ ಲೀಯ ಮನೆಯವರಿಗೆ ಶುಕ್ರವಾರ ತಿಳಿಸಿ ಸೋಮವಾರವೇ ವಿಚಾರಣೆ ನಡೆಸಿದ್ದರೆಂಬುದು ಕಾರಣ. 2025ರ ಮಾರ್ಚ್‌ನಲ್ಲಿ ಶಿಕ್ಷೆಯನ್ನು ಅನುಭವಿಸಿದ್ದಷ್ಟಕ್ಕೇ ಇಳಿಸಲಾಯಿತು. ಆತ ಇಂದು ಹೊರಗಿದ್ದಾನೆ, ಅಪರಾಧಿಯೆಂಬ ತೀರ್ಪು ಹಾಗೆಯೇ ಇದೆ.

ಚಿತ್ರದಲ್ಲಿ ಹೇ ಮಿನ್ ಲೀಯ ಡೈರಿಗೆ ದನಿ ಕೊಟ್ಟು, ಅನಿಮೇಷನ್‌ನಲ್ಲಿ ಅವಳನ್ನು ಓಡಾಡಿಸಿದ್ದಾರೆ. ಅವಳೂ ಒಬ್ಬ ಹುಡುಗಿಯಾಗಿದ್ದಳೆಂದು ತೋರಿಸುವ ಆಸೆ ಒಳ್ಳೆಯದೇ. ಆದರೆ ಅವಳ ಮನೆಯವರು ಈ ಚಿತ್ರದಲ್ಲಿ ಮಾತನಾಡಿಲ್ಲ. ತಮಗಿದು ಪಾಡ್‌ಕಾಸ್ಟ್ ಅಲ್ಲ, ನಿಜವಾದ ಬದುಕು ಎಂದು ಅವಳ ತಮ್ಮ 2022ರಲ್ಲಿ ನ್ಯಾಯಾಧೀಶರ ಮುಂದೆ ಹೇಳಿದ.